ಕೆಳ ಕಕ್ಷೆಯಲ್ಲಿ ಸಂವಹನ ಉಪಗ್ರಹಗಳನ್ನು ಜೋಡಿಸುವುದು ಹೇಗೆ? ಲೆಕ್ಕದ ಸಮೇತ ಒಂದು ಸಮಗ್ರ ಮಾರ್ಗದರ್ಶಿ

ಉಪಗ್ರಹ ಇಂಟರ್ನೆಟ್ ವಿಷಯ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಉಪಗ್ರಹ ಬೇಕು? ಆದರೆ ವಿನ್ಯಾಸ ಮಾಡಲು ಕೂತವರಿಗೆ ಆ ಸಂಖ್ಯೆ ಸಿಗುವುದು ಕೊನೆಯ ಹೊತ್ತಿಗೆ. ಉಪಗ್ರಹ ಫೋನ್ ಸೇವೆಯ ಇರಿಡಿಯಂ ಜಾಲ ಬರೀ 66 ಉಪಗ್ರಹ ಇಟ್ಟುಕೊಂಡು ಎರಡೂ ಧ್ರುವ ಸೇರಿ ಇಡೀ ಭೂಮಿಗೆ ಸಿಗ್ನಲ್ ಕೊಡುತ್ತದೆ. ಸ್ಪೇಸ್‌ಎಕ್ಸ್ ಕಂಪನಿಯ ಇಂಟರ್ನೆಟ್ ಜಾಲ ಸ್ಟಾರ್‌ಲಿಂಕ್‌ನ ಮೊದಲ ಪದರಕ್ಕೆ (ಒಂದೇ ಎತ್ತರದಲ್ಲಿ ಒಂದೇ ಓರೆಯಲ್ಲಿ ಸುತ್ತುವ ಗುಂಪಿಗೆ) 1584 ಉಪಗ್ರಹಗಳ ಯೋಜನೆ ಇತ್ತು. ಆದರೂ ಆ ಪದರ ಒಂದರಿಂದಲೇ ಧ್ರುವದ ಹತ್ತಿರ ಇರುವವರಿಗೆ ಏನೂ ಸಿಗುವುದಿಲ್ಲ. ಇಷ್ಟೊಂದು ವ್ಯತ್ಯಾಸ ಯಾಕೆ?

ಉತ್ತರದ ದೊಡ್ಡ ಪಾಲು ಒಂದು ಕೋನದಲ್ಲಿದೆ. ನೆಲದ ಮೇಲಿನ ಆಂಟೆನಾ ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುವ ಉಪಗ್ರಹದ ಜೊತೆ ಮಾತ್ರ ಮಾತಾಡುತ್ತದೆ ಎಂಬ ಕೋನ ಅದು. ಅದನ್ನು ಗಟ್ಟಿ ಮಾಡಿಕೊಂಡರೆ ಮುಂದಿನ ಲೆಕ್ಕಗಳು ಒಂದರಿಂದ ಒಂದು ಬರುತ್ತವೆ. ಅದನ್ನು ಬಿಟ್ಟು ಸುಮ್ನೆ ಸಾವಿರ, ಎರಡು ಸಾವಿರ ಎಂದು ಸಂಖ್ಯೆಯಿಂದ ಶುರು ಮಾಡಿದರೆ ಎಲ್ಲಿಗೂ ತಲುಪುವುದಿಲ್ಲ.

ಈ ಲೇಖನದ ಲೆಕ್ಕಗಳಿಗೆ ಒಂದು ಸ್ಪ್ರೆಡ್‌ಶೀಟ್ ಸಾಕು. ಎರಡು ಅಂಕಿ ಬರೆದಿಟ್ಟುಕೊಳ್ಳಿ: ಭೂಮಿಯ ಸರಾಸರಿ ತ್ರಿಜ್ಯ 6371 ಕಿ.ಮೀ., ಭೂಮಿಯ ಗುರುತ್ವದ ಸ್ಥಿರಾಂಕ 3,98,600 (ಕಿ.ಮೀ. ಮತ್ತು ಸೆಕೆಂಡಿನ ಲೆಕ್ಕದಲ್ಲಿ). ಸ್ಪ್ರೆಡ್‌ಶೀಟ್‌ಗೆ ಕೋನವನ್ನು ರೇಡಿಯನ್‌ನಲ್ಲಿ ಕೊಡಬೇಕು ಎಂಬುದನ್ನು ಮರೆಯಬೇಡಿ. ಡಿಗ್ರಿಯನ್ನು ಹಾಗೇ ಹಾಕಿದರೆ ಉತ್ತರ ನೋಡಲು ಸರಿಯಾಗೇ ಕಾಣಬಹುದು, ಆದರೆ ಪೂರ್ತಿ ತಪ್ಪಿರುತ್ತದೆ.

ಹಂತ 1: ಯಾರಿಗಾಗಿ ಈ ಜಾಲ?

ಮೂರು ವಿಷಯ ಬರೆದುಕೊಳ್ಳಿ. ಬಳಕೆದಾರರು ಯಾವ ಅಕ್ಷಾಂಶದಿಂದ ಯಾವ ಅಕ್ಷಾಂಶದವರೆಗೆ ಇದ್ದಾರೆ? ಅವರ ಕೈಯಲ್ಲಿರುವುದು ಫೋನಿನ ಸಣ್ಣ ಆಂಟೆನಾವೋ, ಛಾವಣಿ ಮೇಲಿನ ಚಪ್ಪಟೆ ಆಂಟೆನಾವೋ? ಎಷ್ಟು ವಿಳಂಬ ತಡೆದುಕೊಳ್ಳುತ್ತಾರೆ? ಹಡಗು ಮತ್ತು ವಿಮಾನಗಳಿಗೆ ಸೇವೆ ಕೊಡುವುದಾದರೆ ಧ್ರುವವೂ ಬೇಕು, ನಡುಸಮುದ್ರವೂ ಬೇಕು. ಮನೆಗಳಿಗೆ ಬ್ರಾಡ್‌ಬ್ಯಾಂಡ್ ಆದರೆ ಜನ ಜಾಸ್ತಿ ಇರುವ ಅಕ್ಷಾಂಶಗಳೇ ಮುಖ್ಯ. ಈ ಒಂದು ತೀರ್ಮಾನದಿಂದಲೇ ಮುಂದೆ ಜಾಲದ ಆಕಾರ ಎರಡು ದಾರಿಯಾಗಿ ಒಡೆಯುತ್ತದೆ.

ಹಂತ 2: ಎತ್ತರ ಆರಿಸಿ

ಭೂಮಿಯ ತ್ರಿಜ್ಯಕ್ಕೆ ಎತ್ತರ ಕೂಡಿಸಿದರೆ ಕಕ್ಷೆಯ ತ್ರಿಜ್ಯ. ಅದರ ಘನವನ್ನು ಗುರುತ್ವದ ಸ್ಥಿರಾಂಕದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈಯಿಂದ ಗುಣಿಸಿದರೆ ಒಂದು ಸುತ್ತಿನ ಸಮಯ ಸೆಕೆಂಡಿನಲ್ಲಿ ಬರುತ್ತದೆ. 550 ಕಿ.ಮೀ. ಎತ್ತರಕ್ಕೆ ಲೆಕ್ಕ ಹಾಕಿ ನೋಡಿ: ಕಕ್ಷೆಯ ತ್ರಿಜ್ಯ 6921 ಕಿ.ಮೀ., ಒಂದು ಸುತ್ತಿಗೆ 5730 ಸೆಕೆಂಡ್, ಅಂದರೆ 95.5 ನಿಮಿಷ. ವೇಗ ಸೆಕೆಂಡಿಗೆ ಸುಮಾರು 7.6 ಕಿ.ಮೀ. ಇರಿಡಿಯಂ ಇರುವ 780 ಕಿ.ಮೀ. ಎತ್ತರದಲ್ಲಿ ಸುತ್ತು 100 ನಿಮಿಷದ್ದು. ಇನ್ನೊಂದು ಇಂಟರ್ನೆಟ್ ಜಾಲ ಒನ್‌ವೆಬ್ ಆರಿಸಿಕೊಂಡ 1200 ಕಿ.ಮೀ.ಯಲ್ಲಿ 109 ನಿಮಿಷ.

ಕೆಳಕ್ಕೆ ಇಳಿದಷ್ಟೂ ವಿಳಂಬ ಕಡಿಮೆ. 35,786 ಕಿ.ಮೀ. ಎತ್ತರದ ಭೂಸ್ಥಿರ (ನೆಲದಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ) ಉಪಗ್ರಹಕ್ಕೆ ಹೋಗಿ ನೆಲಕ್ಕೆ ಇಳಿಯಲು ಸಿಗ್ನಲ್‌ಗೆ ಕನಿಷ್ಠ 239 ಮಿಲಿಸೆಕೆಂಡ್ ಬೇಕು. ಪ್ರಶ್ನೆ ಹೋಗಿ ಉತ್ತರ ಬರುವ ಹೊತ್ತಿಗೆ ಅರ್ಧ ಸೆಕೆಂಡ್ ಹತ್ತಿರ. 550 ಕಿ.ಮೀ.ಯಲ್ಲಿ ನೆತ್ತಿಯ ಮೇಲಿನ ಉಪಗ್ರಹಕ್ಕೆ ಹೋಗಿ ಇಳಿಯಲು 4 ಮಿಲಿಸೆಕೆಂಡ್ ಕೂಡ ಬೇಡ. ವಿಡಿಯೋ ಕರೆಯಲ್ಲಿ ಇಬ್ಬರೂ ಒಟ್ಟಿಗೇ ಮಾತು ಶುರು ಮಾಡಿ, ಒಟ್ಟಿಗೇ ನಿಲ್ಲಿಸುವ ಪೇಚಾಟ ಇಲ್ಲಿ ತಪ್ಪುತ್ತದೆ.

ಇಳಿಯುವುದಕ್ಕೂ ಮಿತಿ ಇದೆ. ಕೆಳಗೆ ಗಾಳಿಯ ಎಳೆತ ಜಾಸ್ತಿ. 2022ರ ಫೆಬ್ರವರಿಯಲ್ಲಿ ಒಂದೇ ಉಡಾವಣೆಯಲ್ಲಿ ಹೋದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚುಕಡಿಮೆ 40 ಕಳೆದುಹೋದವು. ಅವು ಇನ್ನೂ 210 ಕಿ.ಮೀ. ಆಸುಪಾಸಿನಲ್ಲಿದ್ದವು. ಆಗ ಸೂರ್ಯನಿಂದ ಎದ್ದ ಭೂಕಾಂತೀಯ ಬಿರುಗಾಳಿಗೆ ಮೇಲಿನ ವಾತಾವರಣ ಬಿಸಿಯಾಗಿ ಉಬ್ಬಿತು. ಎಳೆತ ತಡೆಯಲಾಗದೆ ಅವು ಕೆಳಗೆ ಬಂದು ಉರಿದುಹೋದವು. ಮೇಲಕ್ಕೆ ಹೋದರೆ ಇದಕ್ಕೆ ತದ್ವಿರುದ್ಧ ತೊಂದರೆ: 1200 ಕಿ.ಮೀ.ಯಲ್ಲಿ ಕೆಟ್ಟು ನಿಂತ ಉಪಗ್ರಹ ತಾನಾಗಿ ಬೀಳಲು ನೂರಾರು ವರ್ಷ ಬೇಕು. 600 ಕಿ.ಮೀ. ಒಳಗಿದ್ದರೆ ಕೆಲವೇ ವರ್ಷಗಳಲ್ಲಿ ಗಾಳಿಯೇ ಅದನ್ನು ಕೆಳಗೆ ಎಳೆಯುತ್ತದೆ. ಸಾವಿರಗಟ್ಟಲೆ ಉಪಗ್ರಹ ಹಾಕುವವರು 600ರ ಒಳಗೇ ಇರುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟು ದೊಡ್ಡ ಗುಂಪಿನಲ್ಲಿ ಕೆಲವಾದರೂ ಕೆಟ್ಟೇ ಕೆಡುತ್ತವೆ, ಅಲ್ವಾ?

ಹಂತ 3: ಕನಿಷ್ಠ ಎಲಿವೇಶನ್ ಕೋನ, ಅದರಿಂದ ವ್ಯಾಪ್ತಿಯ ವೃತ್ತ

ಶುರುವಿನಲ್ಲಿ ಹೇಳಿದ ಆ ಕೋನದ ಹೆಸರೇ ಎಲಿವೇಶನ್ ಕೋನ. ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಇಲ್ಲಿ ನಿಧಾನವಾಗಿ ಹೋಗೋಣ.

ಉಪಗ್ರಹ ದಿಗಂತದ ಅಂಚಿನಲ್ಲಿದ್ದಾಗಲೂ ತಾತ್ವಿಕವಾಗಿ ಕಾಣುತ್ತದೆ. ಆದರೆ ಆಗ ನಡುವೆ ಮರ, ಕಟ್ಟಡ, ಗುಡ್ಡ ಬರುತ್ತವೆ. ಸಿಗ್ನಲ್ ದಪ್ಪನೆಯ ಗಾಳಿ ಮತ್ತು ಮಳೆಯಲ್ಲಿ ಹೆಚ್ಚು ದೂರ ಸಾಗಬೇಕು. ದೂರವೂ ಜಾಸ್ತಿ. 550 ಕಿ.ಮೀ. ಕಕ್ಷೆಯ ಉಪಗ್ರಹ ನೆತ್ತಿಯ ಮೇಲಿದ್ದಾಗ 550 ಕಿ.ಮೀ. ದೂರ. ಅದೇ 25 ಡಿಗ್ರಿಯಲ್ಲಿದ್ದಾಗ 1123 ಕಿ.ಮೀ., 10 ಡಿಗ್ರಿಯಲ್ಲಿ 1815 ಕಿ.ಮೀ. ದೂರ ಎರಡು ಪಟ್ಟಾದರೆ ಸಿಗ್ನಲ್‌ನ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಅದಕ್ಕೇ ಬ್ರಾಡ್‌ಬ್ಯಾಂಡ್ ಜಾಲಗಳು ಸಾಮಾನ್ಯವಾಗಿ 25 ಡಿಗ್ರಿ ಅಥವಾ ಅದಕ್ಕಿಂತ ಮೇಲಿನ ಮಿತಿ ಇಟ್ಟುಕೊಳ್ಳುತ್ತವೆ. ಕಡಿಮೆ ವೇಗದ ಧ್ವನಿ ಕರೆಗೆ ಕೆಳಗಿನ ಕೋನ ನಡೆಯುತ್ತದೆ. ಇರಿಡಿಯಂನ ಮಿತಿ ಬರೀ 8.2 ಡಿಗ್ರಿ.

ಈಗ ಸೂತ್ರ. ಭೂಮಿಯ ತ್ರಿಜ್ಯವನ್ನು ಕಕ್ಷೆಯ ತ್ರಿಜ್ಯದಿಂದ ಭಾಗಿಸಿ. ಅದನ್ನು ಎಲಿವೇಶನ್ ಕೋನದ ಕೊಸೈನ್‌ನಿಂದ ಗುಣಿಸಿ. ಬಂದದ್ದರ ಆರ್ಕ್ ಕೊಸೈನ್ ತೆಗೆದು, ಅದರಿಂದ ಎಲಿವೇಶನ್ ಕೋನ ಕಳೆಯಿರಿ. ಉಳಿದದ್ದು ವ್ಯಾಪ್ತಿ ಕೋನ. ಉಪಗ್ರಹದ ನೇರ ಕೆಳಗಿನ ಬಿಂದುವಿನಿಂದ ಸೇವೆ ಸಿಗುವ ಕೊನೆಯ ಬಿಂದುವಿಗೆ ಭೂಮಿಯ ಕೇಂದ್ರದಲ್ಲಿ ಆಗುವ ಕೋನ ಇದು.

550 ಕಿ.ಮೀ., 25 ಡಿಗ್ರಿಗೆ: 6371 ಭಾಗಿಸು 6921 ಅಂದರೆ 0.9205. ಕೊಸೈನ್ 25 ಅಂದರೆ 0.9063. ಗುಣಿಸಿದರೆ 0.8343. ಆರ್ಕ್ ಕೊಸೈನ್ 33.46 ಡಿಗ್ರಿ. 25 ಕಳೆದರೆ 8.46 ಡಿಗ್ರಿ. ನೆಲದ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ., ಹಾಗಾಗಿ ಸೇವೆ ಸಿಗುವ ವೃತ್ತದ ತ್ರಿಜ್ಯ ಸುಮಾರು 941 ಕಿ.ಮೀ. ಎಲಿವೇಶನ್ ಮಿತಿಯನ್ನು 40ಕ್ಕೆ ಏರಿಸಿ ನೋಡಿ: ತ್ರಿಜ್ಯ 573 ಕಿ.ಮೀ.ಗೆ ಕುಗ್ಗುತ್ತದೆ. 10ಕ್ಕೆ ಇಳಿಸಿದರೆ 1665 ಕಿ.ಮೀ.ಗೆ ಹಿಗ್ಗುತ್ತದೆ. ಎತ್ತರ ಅದೇ, ಉಪಗ್ರಹವೂ ಅದೇ, ಆದರೂ ವೃತ್ತ ಇಷ್ಟು ಬದಲಾಗುತ್ತದೆ.

ಇದೇ ಅಂಕಿಯಿಂದ ಇನ್ನೊಂದು ವಿಷಯವೂ ಸಿಗುತ್ತದೆ. 8.46ರ ಎರಡು ಪಟ್ಟು 16.92 ಡಿಗ್ರಿ. ಉಪಗ್ರಹ 360 ಡಿಗ್ರಿಯನ್ನು 95.5 ನಿಮಿಷದಲ್ಲಿ ಸುತ್ತಿದರೆ, 16.92 ಡಿಗ್ರಿ ದಾಟಲು ಬೇಕಾಗುವುದು ನಾಲ್ಕೂವರೆ ನಿಮಿಷ. ನೆತ್ತಿಯ ಮೇಲೇ ಹಾದುಹೋಗುವ ಉಪಗ್ರಹವೂ ಅಷ್ಟೇ ಹೊತ್ತು ಸಿಗುತ್ತದೆ. ಪಕ್ಕದಲ್ಲಿ ಹೋಗುವುದು ಇನ್ನೂ ಕಡಿಮೆ ಹೊತ್ತು. ಅಷ್ಟರೊಳಗೆ ಮುಂದಿನ ಉಪಗ್ರಹಕ್ಕೆ ಸಂಪರ್ಕ ದಾಟಿಸಬೇಕು. ಜೊತೆಗೆ ಡಾಪ್ಲರ್ ಪರಿಣಾಮ (ಉಪಗ್ರಹದ ಓಟದಿಂದ ಸಿಗ್ನಲ್‌ನ ಆವರ್ತನ ಬದಲಾಗುವುದು) ಬೇರೆ: 12 ಗಿಗಾಹರ್ಟ್ಸ್ ಸಿಗ್ನಲ್ 25 ಡಿಗ್ರಿಯಲ್ಲಿ ಸುಮಾರು 250 ಕಿಲೋಹರ್ಟ್ಸ್ ಜರುಗುತ್ತದೆ. ರಿಸೀವರ್ ಇದನ್ನು ಮೊದಲೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳಬೇಕು.

ಹಂತ 4: ಕನಿಷ್ಠ ಸಂಖ್ಯೆಯ ಅಂದಾಜು

ಒಂದು ವೃತ್ತ ಭೂಮಿಯ ಎಷ್ಟು ಭಾಗ ಮುಚ್ಚುತ್ತದೆ? ಒಂದರಿಂದ ವ್ಯಾಪ್ತಿ ಕೋನದ ಕೊಸೈನ್ ಕಳೆದು ಎರಡರಿಂದ ಭಾಗಿಸಿ. 8.46 ಡಿಗ್ರಿಗೆ 0.00544 ಬರುತ್ತದೆ. ಅಂದರೆ ಒಂದರ ಮೇಲೊಂದು ಬೀಳದಂತೆ ಹಾಸಿದರೆ 184 ವೃತ್ತ ಬೇಕು. ವೃತ್ತಗಳನ್ನು ಸಂದಿ ಬಿಡದೆ, ಮೇಲೂ ಬೀಳದೆ ಹಾಸಲು ಆಗುವುದಿಲ್ಲ. ಹಾಗಾಗಿ ಇದು ಗುರಿ ಅಲ್ಲ, ಇದಕ್ಕಿಂತ ಕಡಿಮೆ ಖಂಡಿತ ಸಾಲದು ಎಂದು ಹೇಳುವ ಗೆರೆ.

ಎಲಿವೇಶನ್ ಮಿತಿಯನ್ನು 25ರಿಂದ 30ಕ್ಕೆ ಏರಿಸಿ, ಬರೀ ಐದು ಡಿಗ್ರಿ. 184 ಇದ್ದದ್ದು 258 ಆಗುತ್ತದೆ. ಆ ಕೋನದ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಇರಿಡಿಯಂಗೆ ಇದೇ ಲೆಕ್ಕ ಮಾಡಿದರೆ ವ್ಯಾಪ್ತಿ ಕೋನ 19.94 ಡಿಗ್ರಿ, ಕನಿಷ್ಠ ಸಂಖ್ಯೆ ಸುಮಾರು 33. ಅವರು ಹಾಕಿದ್ದು 66, ಸರಿಯಾಗಿ ಎರಡು ಪಟ್ಟು. ಉಳಿದರ್ಧ ಎಲ್ಲಿ ಹೋಯಿತು ಎಂಬುದು ಮುಂದಿನ ಹಂತದಲ್ಲಿ ತಿಳಿಯುತ್ತದೆ.

ಹಂತ 5: ಸ್ಟಾರ್ ಮಾದರಿಯೋ, ಡೆಲ್ಟಾ ಮಾದರಿಯೋ

ಒಂದೇ ಕಕ್ಷೆಯಲ್ಲಿ ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಒಂದರ ಹಿಂದೆ ಒಂದು ಸಾಗುವ ಉಪಗ್ರಹಗಳ ಸಾಲಿಗೆ ಒಂದು ಕಕ್ಷಾತಲ ಎನ್ನೋಣ. ಇಂಥ ಹಲವು ತಲಗಳನ್ನು ಭೂಮಿಯ ಸುತ್ತ ಸಮ ಅಂತರದಲ್ಲಿ ತಿರುಗಿಸಿ ಇಟ್ಟರೆ ಜಾಲ ಆಗುತ್ತದೆ. ಇದರ ಗಣಿತವನ್ನು 1970ರ ದಶಕದ ಶುರುವಿನಲ್ಲಿ ಬ್ರಿಟನ್ನಿನ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನ ಜಾನ್ ವಾಕರ್ ಕ್ರಮವಾಗಿ ಕಟ್ಟಿಕೊಟ್ಟರು. ಎರಡೂ ಮಾದರಿಗೆ ಇವತ್ತಿಗೂ ಅವರದೇ ಹೆಸರು.

ಸ್ಟಾರ್ ಮಾದರಿಯಲ್ಲಿ ಕಕ್ಷೆಗಳು ಹೆಚ್ಚುಕಡಿಮೆ ಧ್ರುವದ ಮೇಲೇ ಹೋಗುತ್ತವೆ. ತಲಗಳನ್ನು ಸಮಭಾಜಕದ 180 ಡಿಗ್ರಿಯೊಳಗೆ ಹರಡಲಾಗುತ್ತದೆ. ಆಗ ಭೂಮಿಯ ಒಂದು ಬದಿಯಲ್ಲಿ ಎಲ್ಲ ಉಪಗ್ರಹಗಳೂ ಉತ್ತರಕ್ಕೆ ಏರುತ್ತಿರುತ್ತವೆ, ಇನ್ನೊಂದು ಬದಿಯಲ್ಲಿ ದಕ್ಷಿಣಕ್ಕೆ ಇಳಿಯುತ್ತಿರುತ್ತವೆ. ಇರಿಡಿಯಂನದ್ದು 86.4 ಡಿಗ್ರಿ ಓರೆಯ (ಸಮಭಾಜಕಕ್ಕೆ ಕಕ್ಷೆ ವಾಲಿರುವ ಕೋನ) 6 ತಲ, ಪ್ರತಿ ತಲದಲ್ಲಿ 11 ಉಪಗ್ರಹ. ಒನ್‌ವೆಬ್‌ನದ್ದು 87.9 ಡಿಗ್ರಿಯ 12 ತಲ.

ಇರಿಡಿಯಂನ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಬಹಳ ಕಲಿಯಬಹುದು. ಒಂದು ತಲದಲ್ಲಿ 11 ಉಪಗ್ರಹ ಇದ್ದರೆ ಎರಡರ ನಡುವೆ 32.73 ಡಿಗ್ರಿ. ಅರ್ಧ 16.36. ಪ್ರತಿ ವೃತ್ತದ ತ್ರಿಜ್ಯ 19.94 ಆದ್ದರಿಂದ ಅಕ್ಕಪಕ್ಕದ ವೃತ್ತಗಳು ಒಂದರ ಮೇಲೊಂದು ಬಿದ್ದು, ಯಾವಾಗಲೂ ಸಿಗ್ನಲ್ ಇರುವ ಒಂದು ಪಟ್ಟಿ ಉಂಟಾಗುತ್ತದೆ. ಪಟ್ಟಿಯ ಅರ್ಧ ಅಗಲ ತಿಳಿಯಲು 19.94ರ ಕೊಸೈನ್ ಅನ್ನು 16.36ರ ಕೊಸೈನ್‌ನಿಂದ ಭಾಗಿಸಿ ಆರ್ಕ್ ಕೊಸೈನ್ ತೆಗೆಯಿರಿ: 11.56 ಡಿಗ್ರಿ.

ಪಕ್ಕದ ತಲವೂ ಅದೇ ದಿಕ್ಕಿಗೆ ಸಾಗುತ್ತಿದ್ದರೆ, ಒಂದರ ವೃತ್ತ ಹೊರಚಾಚಿದ ಜಾಗವನ್ನು ಇನ್ನೊಂದರ ಪಟ್ಟಿ ಒಳಸೇರಿದ ಜಾಗಕ್ಕೆ ಎದುರಾಗಿ ಕೂರಿಸಬಹುದು. ಎರಡೂ ಒಟ್ಟಿಗೇ ಸಾಗುವುದರಿಂದ ಆ ಹೊಂದಿಕೆ ಕೆಡುವುದಿಲ್ಲ. ಹಾಗಾಗಿ ತಲಗಳ ನಡುವೆ 19.94 ಮತ್ತು 11.56 ಕೂಡಿಸಿದಷ್ಟು, ಅಂದರೆ 31.5 ಡಿಗ್ರಿ ಅಂತರ ಬಿಡಬಹುದು. ಆದರೆ ಮೊದಲ ಮತ್ತು ಕೊನೆಯ ತಲ ಎದುರುಬದುರು ದಿಕ್ಕಿಗೆ ಓಡುತ್ತವೆ. ಅಲ್ಲಿ ಹೊಂದಿಕೆ ನಿಲ್ಲುವುದಿಲ್ಲ. ಆ ಜಾಗಕ್ಕೆ ಸೀಮ್ ಎನ್ನುತ್ತಾರೆ. ಅಲ್ಲಿ ಪಟ್ಟಿಗಳನ್ನೇ ಅಂಚಿಗೆ ಅಂಚು ಕೂಡಿಸಬೇಕು: 11.56ರ ಎರಡು ಪಟ್ಟು, 23.1 ಡಿಗ್ರಿ. ಒಟ್ಟು ಐದು ಸಲ 31.5, ಒಂದು ಸಲ 23.1 ಕೂಡಿಸಿ. 180.6 ಬರುತ್ತದೆ. ಬೇಕಿದ್ದದ್ದು 180!

ನಿಜವಾದ ಇರಿಡಿಯಂನಲ್ಲಿ ತಲಗಳ ಅಂತರ 31.6 ಡಿಗ್ರಿ, ಸೀಮ್ ಹತ್ತಿರ 22. ನಮ್ಮ ಸ್ಪ್ರೆಡ್‌ಶೀಟ್ ಲೆಕ್ಕ ಎಷ್ಟು ಹತ್ತಿರ ಬಂತು ನೋಡಿ. ಪ್ರತಿ ತಲದಲ್ಲಿ ಒಂದೇ ಒಂದು ಉಪಗ್ರಹ ಕಡಿಮೆ ಮಾಡಿ 10 ಇಟ್ಟರೆ ಮೊತ್ತ 161ಕ್ಕೆ ಬಿದ್ದು ಸಮಭಾಜಕದ ಹತ್ತಿರ ದೊಡ್ಡ ಕಿಂಡಿ ಬೀಳುತ್ತದೆ. ಮೊದಲ ಯೋಜನೆಯಲ್ಲಿ 77 ಉಪಗ್ರಹ ಇದ್ದವು. ಪರಮಾಣು ಸಂಖ್ಯೆ 77ರ ಇರಿಡಿಯಂ ಧಾತುವಿನ ಹೆಸರು ಬಂದದ್ದು ಅದರಿಂದಲೇ. ಆಮೇಲೆ ಲೆಕ್ಕ ಬಿಗಿ ಮಾಡಿ ಒಂದು ತಲ ಕೈಬಿಟ್ಟರು, ಹೆಸರು ಹಾಗೇ ಉಳಿಯಿತು.

33 ಸಾಲದೆ 66 ಬೇಕಾದದ್ದು ಯಾಕೆ ಎಂಬುದು ಈಗ ಗೊತ್ತಾಗಿರಬೇಕು. ಸಮಭಾಜಕದಲ್ಲಿ ಕಿಂಡಿ ಬೀಳದಂತೆ ಜೋಡಿಸಿದರೆ ಧ್ರುವದಲ್ಲಿ ಆರೂ ತಲಗಳು ಸೇರಿ ಗಿಜಿಗುಡುತ್ತವೆ. ಅಲ್ಲಿ ಎಷ್ಟೋ ಉಪಗ್ರಹಗಳ ಬೀಮ್‌ಗಳನ್ನು (ನೆಲದತ್ತ ಬಿಡುವ ಸಿಗ್ನಲ್ ಕಿರಣಗಳನ್ನು) ಆಫ್ ಮಾಡಿಯೇ ಇಡಬೇಕಾಗುತ್ತದೆ. ಜನ ಕಡಿಮೆ ಇರುವ ಜಾಗದಲ್ಲಿ ಉಪಗ್ರಹ ಜಾಸ್ತಿ. ಸ್ಟಾರ್ ಮಾದರಿಯ ದೊಡ್ಡ ಕೊರತೆ ಇದೇ.

ಡೆಲ್ಟಾ ಮಾದರಿ ಇದಕ್ಕೆ ಪರಿಹಾರ. ಕಕ್ಷೆಗಳನ್ನು ಓರೆಯಾಗಿ ಇಟ್ಟು, ತಲಗಳನ್ನು ಪೂರ್ತಿ 360 ಡಿಗ್ರಿಗೆ ಹರಡುತ್ತಾರೆ. ಬರೆಯುವ ಕ್ರಮ ಹೀಗೆ: ಓರೆ, ಒಟ್ಟು ಉಪಗ್ರಹ, ತಲಗಳ ಸಂಖ್ಯೆ, ಫೇಸ್ ಸಂಖ್ಯೆ (ಇದರ ಅರ್ಥ ಹಂತ 6ರಲ್ಲಿ). ಉಪಗ್ರಹ ಫೋನಿನ ಗ್ಲೋಬಲ್‌ಸ್ಟಾರ್‌ನ ಮೂಲ ಜಾಲ 1414 ಕಿ.ಮೀ. ಎತ್ತರದಲ್ಲಿ 52 ಡಿಗ್ರಿ, 48/8/1. ಅಂದರೆ 8 ತಲ, ತಲಕ್ಕೆ 6 ಉಪಗ್ರಹ. ತಲಗಳ ನಡುವೆ 45 ಡಿಗ್ರಿ, ಒಂದೇ ತಲದ ಉಪಗ್ರಹಗಳ ನಡುವೆ 60 ಡಿಗ್ರಿ.

ಓರೆ ಕಕ್ಷೆಯ ಉಪಗ್ರಹ ತನ್ನ ಓರೆಯಷ್ಟೇ ಅಕ್ಷಾಂಶದವರೆಗೆ ಹೋಗಿ ಹಿಂತಿರುಗುತ್ತದೆ. ತಿರುಗುವ ಜಾಗದಲ್ಲಿ ಉತ್ತರ-ದಕ್ಷಿಣದ ಚಲನೆ ನಿಧಾನ, ಹಾಗಾಗಿ ಅಲ್ಲಿ ಹೆಚ್ಚು ಹೊತ್ತು ಕಳೆಯುತ್ತದೆ. 53 ಡಿಗ್ರಿ ಓರೆಯ ಜಾಲದಲ್ಲಿ 50ನೇ ಅಕ್ಷಾಂಶದ ಮೇಲೆ ಉಪಗ್ರಹಗಳ ದಟ್ಟಣೆ ಸಮಭಾಜಕಕ್ಕಿಂತ ಮೂರೂವರೆ ಪಟ್ಟು ಜಾಸ್ತಿ. ವ್ಯಾಪ್ತಿ ಕೋನ 8.46 ಕೂಡಿಸಿದರೆ ಸೇವೆ 61.5 ಡಿಗ್ರಿಗೆ ನಿಲ್ಲುತ್ತದೆ. ಧ್ರುವ ಯಾಕೆ ಹೊರಗುಳಿಯಿತು ಎಂಬ ಪ್ರಶ್ನೆಗೆ ಇದೇ ಉತ್ತರ.

ಒಂದೇ ಓರೆಯಲ್ಲಿ ಎಲ್ಲರನ್ನೂ ತೃಪ್ತಿಪಡಿಸಲು ಆಗುವುದಿಲ್ಲ. ಹಾಗಾಗಿ ಪದರಗಳನ್ನು ಬೆರೆಸುತ್ತಾರೆ. ಅಮೆಜಾನ್‌ನ ಕೈಪರ್ ಯೋಜನೆ ಇದಕ್ಕೆ ಚೆಂದದ ಉದಾಹರಣೆ. 590 ಕಿ.ಮೀ.ಯಲ್ಲಿ 33 ಡಿಗ್ರಿಯ 784, 610 ಕಿ.ಮೀ.ಯಲ್ಲಿ 42 ಡಿಗ್ರಿಯ 1296, 630 ಕಿ.ಮೀ.ಯಲ್ಲಿ 51.9 ಡಿಗ್ರಿಯ 1156, ಒಟ್ಟು 3236. ಒಂದೊಂದು ಪದರವೂ ಬೇರೆ ಬೇರೆ ಅಕ್ಷಾಂಶಕ್ಕೆ ದಟ್ಟಣೆ ತುಂಬುತ್ತದೆ. ಸ್ಟಾರ್‌ಲಿಂಕ್ ಕೂಡ 53 ಡಿಗ್ರಿಯ ಪದರಕ್ಕೆ 70 ಮತ್ತು 97.6 ಡಿಗ್ರಿಯ ಪದರಗಳನ್ನು ಸೇರಿಸಿಕೊಂಡಿತು.

ಹಂತ 6: ಡಿಕ್ಕಿ ತಪ್ಪಿಸುವ ಹೊಂದಾಣಿಕೆ

ಡೆಲ್ಟಾ ಮಾದರಿ ಬರೆಯುವಾಗ ಕೊನೆಗೆ ಬಂದ ಫೇಸ್ ಸಂಖ್ಯೆಯನ್ನು ಹಲವರು ಕಡೆಗಣಿಸುತ್ತಾರೆ. ಅದು ಹೇಳುವುದು ಇಷ್ಟು: ಒಂದು ತಲದ ಉಪಗ್ರಹ ಸಮಭಾಜಕ ದಾಟಿ ಉತ್ತರಕ್ಕೆ ಏರುವ ಕ್ಷಣದಲ್ಲಿ, ಪೂರ್ವದ ಪಕ್ಕದ ತಲದ ಉಪಗ್ರಹ ಎಷ್ಟು ಮುಂದಿರಬೇಕು? 360ನ್ನು ಒಟ್ಟು ಉಪಗ್ರಹಗಳಿಂದ ಭಾಗಿಸಿ ಫೇಸ್ ಸಂಖ್ಯೆಯಿಂದ ಗುಣಿಸಿದರೆ ಉತ್ತರ. ಗ್ಲೋಬಲ್‌ಸ್ಟಾರ್‌ಗೆ 7.5 ಡಿಗ್ರಿ.

ಡೆಲ್ಟಾ ಜಾಲದಲ್ಲಿ ಪ್ರತಿ ತಲವೂ ಉಳಿದೆಲ್ಲ ತಲಗಳನ್ನು ಅಡ್ಡ ಹಾಯುತ್ತದೆ. ಎಲ್ಲವೂ ಒಂದೇ ಎತ್ತರ. ಈ ಸಂಖ್ಯೆ ತಪ್ಪಿದರೆ ಎರಡು ಉಪಗ್ರಹ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರುತ್ತವೆ. ಸೊನ್ನೆಯಿಂದ ತಲಗಳ ಸಂಖ್ಯೆಗಿಂತ ಒಂದು ಕಡಿಮೆಯವರೆಗೆ ಎಲ್ಲವನ್ನೂ ಹಾಕಿ ನೋಡಿ. ಪ್ರತಿಯೊಂದಕ್ಕೂ ಯಾವುದೇ ಎರಡು ಉಪಗ್ರಹಗಳ ನಡುವೆ ಬರುವ ಅತಿ ಕಡಿಮೆ ದೂರ ಲೆಕ್ಕ ಹಾಕಿ, ಅದು ಅತಿ ಹೆಚ್ಚು ಇರುವ ಸಂಖ್ಯೆ ಇಟ್ಟುಕೊಳ್ಳಿ. ಸ್ಟಾರ್‌ಲಿಂಕ್‌ನ 1584ರ ಪದರದ ಹಾಗೆ 72 ತಲ ಇದ್ದರೆ 72 ಸಲ. ಕಂಪ್ಯೂಟರ್‌ಗೆ ಇದು ಕ್ಷಣದ ಕೆಲಸ.

ಇದು ಬರೀ ಪುಸ್ತಕದ ಭಯ ಅಲ್ಲ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ ಇರಿಡಿಯಂ 33 ಮತ್ತು ಕೆಲಸ ನಿಲ್ಲಿಸಿದ್ದ ರಷ್ಯಾದ ಕಾಸ್ಮೋಸ್ 2251 ಡಿಕ್ಕಿ ಹೊಡೆದು ಎರಡೂ ಚೂರುಚೂರಾದವು. ಅಲ್ಲಿ ಹಾಯ್ದದ್ದು ಹೊರಗಿನ ಉಪಗ್ರಹ. ನಮ್ಮದೇ ಜಾಲದೊಳಗೆ ಅಂಥದ್ದಕ್ಕೆ ಜಾಗವೇ ಇರಬಾರದು.

ಹಂತ 7: ಉಪಗ್ರಹದಿಂದ ನೆಲಕ್ಕೆ, ಉಪಗ್ರಹದಿಂದ ಉಪಗ್ರಹಕ್ಕೆ

ಸುಲಭದ ದಾರಿ ಬೆಂಟ್ ಪೈಪ್. ಬಳಕೆದಾರನ ಸಿಗ್ನಲ್ ಮೇಲಕ್ಕೆ ಹೋಗಿ ಅದೇ ಉಪಗ್ರಹದಿಂದ ನೆಲದ ಗೇಟ್‌ವೇಗೆ (ಉಳಿದ ಜಾಲಕ್ಕೆ ಜೋಡಿಸುವ ಕೇಂದ್ರಕ್ಕೆ) ಇಳಿಯುತ್ತದೆ. ಗ್ಲೋಬಲ್‌ಸ್ಟಾರ್ ಹೀಗೇ ಕೆಲಸ ಮಾಡುತ್ತದೆ. ತೊಂದರೆ ಏನೆಂದರೆ ಬಳಕೆದಾರ ಮತ್ತು ಗೇಟ್‌ವೇ ಎರಡೂ ಒಂದೇ ವೃತ್ತದೊಳಗೆ ಇರಬೇಕು. ನಮ್ಮ 941 ಕಿ.ಮೀ. ವೃತ್ತದಲ್ಲಿ ಅವರ ನಡುವಿನ ದೂರ ಹೆಚ್ಚೆಂದರೆ 1880 ಕಿ.ಮೀ. ಉಪಗ್ರಹ ಸರಿಯಾಗಿ ನಡುವೆ ಬಂದಾಗ ಮಾತ್ರ ಅದೂ ಸಾಧ್ಯ. ಎಡೆಬಿಡದ ಸೇವೆ ಬೇಕಾದರೆ ಇದಕ್ಕಿಂತ ಬಹಳ ಹತ್ತಿರ ಗೇಟ್‌ವೇ ಇಡಬೇಕು. ನಡುಸಮುದ್ರದಲ್ಲಿ ಅದು ಆಗದ ಮಾತು.

ಇನ್ನೊಂದು ದಾರಿ ಉಪಗ್ರಹಗಳ ನಡುವೆಯೇ ಕೊಂಡಿ. ಇರಿಡಿಯಂ ಮೊದಲಿನಿಂದಲೂ ರೇಡಿಯೋ ಕೊಂಡಿ ಬಳಸಿತು: ಪ್ರತಿ ಉಪಗ್ರಹಕ್ಕೆ ನಾಲ್ಕು, ತನ್ನದೇ ತಲದಲ್ಲಿ ಹಿಂದೆ ಮುಂದೆ ಎರಡು, ಅಕ್ಕಪಕ್ಕದ ತಲಕ್ಕೆ ಎರಡು. ಸೀಮ್ ದಾಟಿ ಮಾತ್ರ ಕೊಂಡಿ ಇಲ್ಲ. ಎದುರು ದಿಕ್ಕಿನಿಂದ ಬರುವ ಉಪಗ್ರಹವನ್ನು ಆ ವೇಗದಲ್ಲಿ ಹಿಂಬಾಲಿಸುವುದು ಕಷ್ಟ. ಈಗ ಲೇಸರ್ ಕೊಂಡಿಗಳು ಬಂದಿವೆ. ತಲಕ್ಕೆ 22 ಉಪಗ್ರಹ ಇದ್ದರೆ 550 ಕಿ.ಮೀ.ಯಲ್ಲಿ ಹಿಂದು-ಮುಂದಿನವುಗಳ ನಡುವೆ 1970 ಕಿ.ಮೀ. ಭೂಮಿ ಮತ್ತು 80 ಕಿ.ಮೀ.ವರೆಗಿನ ವಾತಾವರಣ ಅಡ್ಡ ಬರದಂತೆ 5000 ಕಿ.ಮೀ.ವರೆಗೂ ಲೇಸರ್ ನೇರ ಹೋಗಬಲ್ಲದು. ಹಾಗಾಗಿ ಪಕ್ಕದ್ದನ್ನು ಬಿಟ್ಟು ಅದರಾಚೆಗಿನದಕ್ಕೂ ಹಾರಬಹುದು.

ಇದರಲ್ಲಿ ನನಗೆ ಬಹಳ ಇಷ್ಟವಾಗುವ ವಿಷಯ ಒಂದಿದೆ. ಗಾಜಿನ ಫೈಬರ್‌ನಲ್ಲಿ ಬೆಳಕಿನ ವೇಗ ನಿರ್ವಾತದ ಮೂರನೇ ಎರಡರಷ್ಟೇ. ಮೇಲಿನ ಲೇಸರ್ ಪೂರ್ಣ ವೇಗದಲ್ಲಿ ಓಡುತ್ತದೆ. ಖಂಡದಿಂದ ಖಂಡಕ್ಕೆ ಹೋಗುವಷ್ಟು ದೂರ ಇದ್ದರೆ, ಆಕಾಶಕ್ಕೆ ಏರಿ ಇಳಿಯುವ ಸುತ್ತು ಸೇರಿದರೂ ಉಪಗ್ರಹದ ದಾರಿ ಸಮುದ್ರದ ಕೇಬಲ್‌ಗಿಂತ ಬೇಗ ತಲುಪಬಲ್ಲದು.

ಹಂತ 8: ವ್ಯಾಪ್ತಿ ಸಾಕು, ಸಾಮರ್ಥ್ಯ ಸಾಕೇ?

184ರಿಂದ ಶುರುವಾದ ಲೆಕ್ಕ 1584ಕ್ಕೆ ಹೇಗೆ ಬಂತು ಎಂದು ಕೇಳಿದರೆ ಉತ್ತರ ಇಲ್ಲಿದೆ. ಒಂದು ಉಪಗ್ರಹ ಸೆಕೆಂಡಿಗೆ 20 ಗಿಗಾಬಿಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಅದರ ವೃತ್ತದ ವಿಸ್ತೀರ್ಣ ಸುಮಾರು 28 ಲಕ್ಷ ಚದರ ಕಿ.ಮೀ. ಅದರಲ್ಲಿ 1 ಲಕ್ಷ ಜನ ಒಟ್ಟಿಗೇ ಬಳಸಿದರೆ ತಲೆಗೆ 200 ಕಿಲೋಬಿಟ್. ವಿಡಿಯೋಗೆ ಇದು ಏನೇನೂ ಸಾಲದು. ಸಿಗ್ನಲ್ ತಲುಪಿಸಲು ಬೇಕಾದದ್ದಕ್ಕಿಂತ ಹಲವು ಪಟ್ಟು ಉಪಗ್ರಹ ಹಾಕುವುದು ಈ ಕಾರಣಕ್ಕೆ. ಭೂಮಿಯ ಶೇ. 71 ಭಾಗ ನೀರು ಎಂಬುದನ್ನೂ ಸೇರಿಸಿಕೊಳ್ಳಿ. ಯಾವ ಹೊತ್ತಿನಲ್ಲಿ ನೋಡಿದರೂ ಬಹುಪಾಲು ಉಪಗ್ರಹಗಳು ಸಮುದ್ರದ ಮೇಲಿರುತ್ತವೆ.

ತರಂಗಾಂತರದ ನಿಯಮಗಳೂ ಜೋಡಣೆಯನ್ನು ಬದಲಿಸುತ್ತವೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮದ ಪ್ರಕಾರ ಕೆಳ ಕಕ್ಷೆಯ ಜಾಲಗಳು ಭೂಸ್ಥಿರ ಉಪಗ್ರಹಗಳ ಸೇವೆಗೆ ಅಡ್ಡಿ ಮಾಡಬಾರದು. ಸಮಭಾಜಕದ ಮೇಲೆ ನಿಂತವರಿಗೆ ಭೂಸ್ಥಿರ ಉಪಗ್ರಹಗಳ ಸಾಲು ನೆತ್ತಿಯ ಮೇಲೇ ಹಾದುಹೋಗುತ್ತದೆ. ನಮ್ಮ ಉಪಗ್ರಹವೂ ಅದೇ ಗೆರೆಗೆ ಬಂದಾಗ ಆ ಬೀಮ್ ಬಿಟ್ಟು ಬೇರೆ ಉಪಗ್ರಹದಿಂದ ಸೇವೆ ಕೊಡಬೇಕು. ಅಂದರೆ ಸಮಭಾಜಕದಲ್ಲಿ ಒಂದೇ ಉಪಗ್ರಹ ಕಂಡರೆ ಸಾಲದು. ಆದರೆ ಡೆಲ್ಟಾ ಜಾಲದಲ್ಲಿ ದಟ್ಟಣೆ ಅತಿ ಕಡಿಮೆ ಇರುವುದೂ ಅಲ್ಲೇ! 53 ಡಿಗ್ರಿಯ 1584 ಉಪಗ್ರಹಗಳ ಪೂರ್ಣ ಪದರಕ್ಕೆ ನಾನು ಲೆಕ್ಕ ಹಾಕಿದಾಗ ಸಮಭಾಜಕದಲ್ಲಿ 25 ಡಿಗ್ರಿಗಿಂತ ಮೇಲೆ ಸರಾಸರಿ 7 ಕಾಣುತ್ತವೆ. ನಿಮ್ಮ ಜಾಲದ ಬಲ ಪರೀಕ್ಷಿಸಲು ಮೊದಲು ಸಮಭಾಜಕವನ್ನೇ ನೋಡಿ.

ಗಡುವನ್ನೂ ಗಮನದಲ್ಲಿಡಿ. 2019ರ ವಿಶ್ವ ರೇಡಿಯೋ ಸಮ್ಮೇಳನದಲ್ಲಿ ಒಪ್ಪಿದ ಪ್ರಕಾರ, ತರಂಗಾಂತರದ ಬಳಕೆ ಶುರು ಮಾಡಲು ಕೊಡುವ ಏಳು ವರ್ಷದ ಮೊದಲ ಅವಧಿ ಮುಗಿದ ಮೇಲೆ ಎರಡು ವರ್ಷದಲ್ಲಿ ಶೇ. 10, ಐದು ವರ್ಷದಲ್ಲಿ ಶೇ. 50, ಏಳು ವರ್ಷದಲ್ಲಿ ಪೂರ್ತಿ ಜಾಲ ಮೇಲೇರಿರಬೇಕು. ಕಾಗದದ ಮೇಲೆ ಮಾತ್ರ ದೊಡ್ಡ ಸಂಖ್ಯೆ ಬರೆದರೆ ನಡೆಯುವುದಿಲ್ಲ.

ಹಂತ 9: ಮೇಲೇರಿಸಿ ಹರಡುವುದು

72 ತಲಕ್ಕೆ 72 ರಾಕೆಟ್ ಬೇಡ. ಭೂಮಿ ಸಮಭಾಜಕದಲ್ಲಿ ಸ್ವಲ್ಪ ಉಬ್ಬಿರುವುದರಿಂದ ಕಕ್ಷಾತಲಗಳು ನಿಧಾನವಾಗಿ ಪಶ್ಚಿಮಕ್ಕೆ ತಿರುಗುತ್ತವೆ. 550 ಕಿ.ಮೀ., 53 ಡಿಗ್ರಿಯಲ್ಲಿ ದಿನಕ್ಕೆ ಸುಮಾರು 4.5 ಡಿಗ್ರಿ. 350 ಕಿ.ಮೀ.ಯಲ್ಲಿ ಸುಮಾರು 5 ಡಿಗ್ರಿ. ಈ ಅರ್ಧ ಡಿಗ್ರಿ ವ್ಯತ್ಯಾಸವನ್ನೇ ಬಳಸಿಕೊಳ್ಳಬಹುದು. ಒಂದೇ ರಾಕೆಟ್‌ನಲ್ಲಿ ಹೋದ ಉಪಗ್ರಹಗಳನ್ನು ಮೂರು ಗುಂಪು ಮಾಡಿ. ಮೊದಲ ಗುಂಪನ್ನು ಕೂಡಲೇ ಮೇಲೇರಿಸಿ. ಎರಡನೆಯದನ್ನು ಕೆಳಗೇ ಕಾಯಿಸಿದರೆ ಸುಮಾರು ಹತ್ತು ದಿನದಲ್ಲಿ ಅದರ ತಲ 5 ಡಿಗ್ರಿ ಪಕ್ಕಕ್ಕೆ ಸರಿದಿರುತ್ತದೆ. ಆಗ ಏರಿಸಿದರೆ ಪಕ್ಕದ ತಲ ಸಿದ್ಧ. ಇಂಧನ ಸುಟ್ಟು ತಲ ತಿರುಗಿಸಬೇಕಿಲ್ಲ, ಕಾದರೆ ಸಾಕು. ಆರಂಭದ 60 ಉಪಗ್ರಹಗಳ ಸ್ಟಾರ್‌ಲಿಂಕ್ ಉಡಾವಣೆಗಳಲ್ಲಿ 20ರ ಗುಂಪುಗಳನ್ನು ಹೀಗೇ ಮೂರು ತಲಗಳಿಗೆ ಹಂಚಿದರು.

ಒಂದು ಪದರದ ಎಲ್ಲ ತಲಗಳಿಗೂ ಎತ್ತರ ಮತ್ತು ಓರೆ ಒಂದೇ ಇರಬೇಕು ಎನ್ನುವುದೂ ಇದೇ ಕಾರಣಕ್ಕೆ. ಎಲ್ಲವೂ ಒಂದೇ ವೇಗದಲ್ಲಿ ತಿರುಗಿದರೆ ಜಾಲದ ಆಕಾರ ಕೆಡುವುದಿಲ್ಲ. ಒಂದು ತಲ ತಪ್ಪಿದರೂ ಕೆಲವು ವಾರಗಳಲ್ಲಿ ಕಿಂಡಿ ಬೀಳುತ್ತದೆ.

ಬಿಡಿ ಉಪಗ್ರಹಗಳನ್ನು ಪ್ರತಿ ತಲದಲ್ಲಿ ಒಂದೆರಡು ಇಡಿ, ಅಥವಾ ಸ್ವಲ್ಪ ಕೆಳಗಿನ ಕಕ್ಷೆಯಲ್ಲಿ ಕಾಯಿಸಿ. ಕೆಳಗಿದ್ದರೆ ಅವು ಪಶ್ಚಿಮಕ್ಕೆ ಸರಿಯುತ್ತಾ ಒಂದೊಂದಾಗಿ ಎಲ್ಲ ತಲಗಳ ಕೆಳಗೂ ಬರುತ್ತವೆ. ವಯಸ್ಸಾದದ್ದನ್ನು ಇಳಿಸಲು ಇಂಧನ ಮೀಸಲಿಡಿ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 2022ರಲ್ಲಿ ತಂದ ನಿಯಮದಂತೆ ಕೆಲಸ ಮುಗಿದ ಐದು ವರ್ಷದೊಳಗೆ ಕೆಳ ಕಕ್ಷೆಯಿಂದ ಹೊರಬೀಳಬೇಕು.

ಹಂತ 10: ಓಡಿಸಿ ನೋಡಿ

ಈಗ ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ. ವೃತ್ತಾಕಾರದ ಕಕ್ಷೆ ಅಂದುಕೊಂಡರೆ ಸೈನ್, ಕೊಸೈನ್ ಸಾಕು. ಪ್ರತಿ 10 ಸೆಕೆಂಡಿಗೊಮ್ಮೆ ಎಲ್ಲ ಉಪಗ್ರಹಗಳ ಜಾಗ ಲೆಕ್ಕ ಹಾಕಿ, ಪೂರ್ತಿ ಒಂದು ದಿನ ಓಡಿಸಿ. ಐದೈದು ಡಿಗ್ರಿ ಅಕ್ಷಾಂಶಕ್ಕೊಂದು ಬಿಂದು ಇಟ್ಟು, ಪ್ರತಿ ಬಿಂದುವಿನಿಂದ ಮಿತಿಗಿಂತ ಮೇಲೆ ಎಷ್ಟು ಉಪಗ್ರಹ ಕಾಣುತ್ತವೆ ಎಂದು ಬರೆದುಕೊಳ್ಳಿ. ಸರಾಸರಿಗಿಂತ ಕನಿಷ್ಠ ಸಂಖ್ಯೆ ಮುಖ್ಯ. ಸರಾಸರಿ 3 ಇದ್ದೂ ದಿನಕ್ಕೆ ಹತ್ತು ಸಲ ಸೊನ್ನೆ ಆದರೆ ಕರೆ ಹತ್ತು ಸಲ ಕಡಿಯುತ್ತದೆ. ಆಮೇಲೆ ಅಲ್ಲೊಂದು ಇಲ್ಲೊಂದು ಉಪಗ್ರಹ ತೆಗೆದು ಮತ್ತೆ ಓಡಿಸಿ, ಕಿಂಡಿ ಎಷ್ಟು ಹೊತ್ತು ಇರುತ್ತದೆ ನೋಡಿ.

ಪ್ರೋಗ್ರಾಂ ಸರಿಯಿದೆಯೇ ಎಂದು ತಿಳಿಯಲು ಇಲ್ಲಿನ ಅಂಕಿಗಳನ್ನೇ ಬಳಸಿ. 550 ಕಿ.ಮೀ., 53 ಡಿಗ್ರಿ, 72 ತಲ, ತಲಕ್ಕೆ 22 ಹಾಕಿದರೆ 25 ಡಿಗ್ರಿ ಮಿತಿಗೆ ಸಮಭಾಜಕದಲ್ಲಿ ಸರಾಸರಿ 7ರ ಹತ್ತಿರ ಬರಬೇಕು. ಮಿತಿಯನ್ನು 30ಕ್ಕೆ ಏರಿಸಿದರೆ ಅದು 5ರ ಹತ್ತಿರಕ್ಕೆ ಇಳಿಯಬೇಕು. ಬೇರೆ ಏನಾದರೂ ಬಂದರೆ ಮೊದಲು ನೋಡಬೇಕಾದದ್ದು ಡಿಗ್ರಿ-ರೇಡಿಯನ್ ಅದಲುಬದಲಾಗಿದೆಯೇ ಎಂದು. ಆಮೇಲೆ ತಲಗಳನ್ನು 360 ಡಿಗ್ರಿಗೆ ಹರಡುವ ಬದಲು 180ಕ್ಕೆ ಹರಡಿದ್ದೀರಾ ಎಂದು.